ಎಂಜಿನಿಯರಿಂಗ್ ವಿದ್ಯೆಯಲ್ಲಿ ಶಾಖೆಯ ಆಯ್ಕೆ



ಮಂಡಿ ಮೊಹಲ್ಲಾದಂತಹ ವ್ಯಾಪಾರದ ಕೇರಿಯಲ್ಲಿ ಎಂಜಿನಿಯರಿಂಗ್ ಪದವಿಯನ್ನು ಪಡೆದು ಬಂದ ಮಕ್ಕಳನ್ನು ಹಿರಿಯರು ಮೊದಲು ಕೇಳುವುದು, ಮುಂದಣ ವ್ಯಾಸಂಗಕ್ಕೆ ಯಾವ ಶಾಖೆಯನ್ನು ಹಿಡಿದರೆ ಸಂಬಳ ಹೆಚ್ಚು ಎಂದು. ತಕ್ಕಡಿಯ ಮುಂದೆ ಕುಳಿತವರಿಗೆ ಇದು ಸಹಜವೇ ಸರಿ. ಆದರೆ ಧಾನ್ಯದ ಧಾರಣೆಯಂತೆ ವಿದ್ಯೆಯ ಧಾರಣೆಯೂ ಏರಿಳಿಯುವುದು; ಎಂ.ಟೆಕ್. ವ್ಯಾಸಂಗದ ಎರಡು ವರ್ಷಗಳೊಳಗೇ ಅದು ಬದಲಾದೀತು.

ಕಾವೇರಿಯನ್ನೇ ನೋಡಿರಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದುದು, ನೀರನ್ನು ತಿರುಗಿಸಿದವರು, ಯಂತ್ರಗಳನ್ನು ಕೂರಿಸಿದವರು, ಸುಮಾರು 147 ಕಿಲೋಮೀಟರು ತಂತಿಯನ್ನೆಳೆದವರು, ಈ ಮೂವರ ವಿದ್ಯೆಯೂ ಕೂಡಿದುದರಿಂದ. ಇವುಗಳಲ್ಲಿ ಮೇಲಾವುದು, ಕೀಳಾವುದು? ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಪುಣೆಗೆ ತೆರಳಿ 1883ರಲ್ಲಿ ಸಿವಿಲ್ ಶಾಖೆಯಲ್ಲಿ ತೇರ್ಗಡೆಯಾದ ವಿಶ್ವೇಶ್ವರಯ್ಯನವರು ಖಡಕವಾಸ್ಲಾದಿಂದ ಕನ್ನಂಬಾಡಿಯವರೆಗೆ ಬಹುಕಾಲ ನೀರಿನ ಕೆಲಸವನ್ನೇ ಹಿಡಿದು ನಡೆದರು.

ಆದುದರಿಂದ ವಿದ್ಯಾರ್ಥಿಯು, ದಿನವಿಡೀ ಬೇಸರವಿಲ್ಲದೆ ಮಾಡಬಲ್ಲುದು ಗಣಿತವೋ, ಪ್ರಯೋಗಶಾಲೆಯೋ, ಬಿಸಿಲಿನ ಕಾಮಗಾರಿಯೋ ಎಂದು ಮೊದಲು ನೋಡಿಕೊಳ್ಳಲಿ. ಆ ಮೇಲೆ ಕಾಲೇಜಿನ ಹೆಸರಿಗಿಂತ ಆ ಶಾಖೆಯ ಅಧ್ಯಾಪಕರನ್ನೂ ಪ್ರಯೋಗಶಾಲೆಯನ್ನೂ ವಿಚಾರಿಸಲಿ. ಮೈಸೂರಿನಲ್ಲಿಯೇ 1946ರಲ್ಲಿ ಆರಂಭವಾದ ಎನ್.ಐ.ಇ., 1963ರಲ್ಲಿ ಆರಂಭವಾದ ಜಯಚಾಮರಾಜೇಂದ್ರ ಕಾಲೇಜು ಇವೆ. ಹೋಗಿ ಕೇಳಲು ರೈಲಿನ ಖರ್ಚೂ ಇಲ್ಲ. ಗೇಟ್ ಪರೀಕ್ಷೆಯ ಅಂಕಗಳು ಮೂರು ವರ್ಷ ಸಲ್ಲುತ್ತವೆ. ಸಿಕ್ಕಿದ ಶಾಖೆಗೆ ಅವಸರದಿಂದ ಸೇರದೆ, ಒಂದು ವರ್ಷ ಕೆಲಸದಲ್ಲಿದ್ದು ನೋಡುತ್ತೇನೆನ್ನುವ ಮಗನನ್ನಾಗಲಿ ಮಗಳನ್ನಾಗಲಿ ಮನೆಯವರು ಹಳಿಯದಿರಲಿ.