ಮನೆಯಲ್ಲಿ ನಿಸ್ತಂತು ಅಂತರ್ಜಾಲ: ಜೋಡಣೆ ಮತ್ತು ಜೋಪಾನ



ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಶೇಂಗಾ ಬೆಳೆಗಾರರಿಗೆ ಪೇಟೆ ಧಾರಣೆ, ಹವಾಮಾನ ಮುನ್ಸೂಚನೆ, ಪಹಣಿ ಇವೆಲ್ಲ ಈಗ ಮನೆಯ ಕಂಪ್ಯೂಟರಿನಲ್ಲೇ ದೊರೆಯುತ್ತವೆ. ಚಳ್ಳಕೆರೆ ಮಾರುಕಟ್ಟೆಯ ಧಾರಣೆ ತಿಳಿದು ಚೀಲ ಹೇರುವವನು ಸುಲಭವಾಗಿ ಮೋಸಹೋಗುವುದಿಲ್ಲ.

ಮೋಡೆಮ್ ರೌಟರನ್ನು ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ ಇಡಬೇಕು. ಕಬ್ಬಿಣದ ಬೀರು, ದಪ್ಪ ಕಲ್ಲುಗೋಡೆ ಅಲೆಗಳನ್ನು ತಡೆಯುತ್ತವೆ. 2.4 ಗಿಗಾಹರ್ಟ್ಸ್ ಅಲೆಗಳು ಗೋಡೆ ದಾಟಿ ದೂರ ಹೋಗುತ್ತವೆ; 5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ವ್ಯಾಪ್ತಿ ಕಡಿಮೆ. ರೌಟರಿನ ಪಕ್ಕದ ಕಂಪ್ಯೂಟರಿಗೆ ತಂತಿ ಜೋಡಣೆಯೇ ಲೇಸು. ಉಳಿದವುಗಳಲ್ಲಿ ವೈಫೈ ಪಟ್ಟಿ ತೆರೆದು, ರೌಟರಿನ ಹೆಸರು ಆರಿಸಿ, ಪಾಸ್‌ವರ್ಡ್ ಕೊಟ್ಟರೆ ಸಂಪರ್ಕ ಸಿಗುತ್ತದೆ.

ರೌಟರಿನ ತಳದಲ್ಲಿ ಅಚ್ಚಾಗಿರುವ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿರಿ. ರೌಟರಿನ ಸೆಟ್ಟಿಂಗ್ ಪುಟಕ್ಕೆ ಬೇರೆಯೇ ಪಾಸ್‌ವರ್ಡ್ ಇರುತ್ತದೆ, ಅದನ್ನೂ ಬದಲಿಸಿರಿ. ರಕ್ಷಣೆಗೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆರಿಸಿರಿ. ಬ್ಯಾಂಕ್ ವ್ಯವಹಾರವೂ ಇದೇ ಸಂಪರ್ಕದಲ್ಲಿ ನಡೆಯುವುದರಿಂದ ಇದರಲ್ಲಿ ಅಸಡ್ಡೆ ಸಲ್ಲದು.

ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕಟ್ಟಿದೊಡನೆ, ಗುಡುಗು ಆರಂಭವಾಗುವ ಮುನ್ನವೇ ರೌಟರಿನ ಪ್ಲಗ್ ತೆಗೆದಿಡಿರಿ. ತಾಮ್ರದ ದೂರವಾಣಿ ತಂತಿಯಿದ್ದರೆ ಅದನ್ನೂ ಬಿಡಿಸಿರಿ. ಸಿಡಿಲಿನ ಹೊಡೆತ ಎರಡೂ ದಾರಿಯಲ್ಲಿ ಬಂದು ರೌಟರನ್ನೂ ಕಂಪ್ಯೂಟರನ್ನೂ ಸುಡಬಲ್ಲದು. ಗುಡುಗು ಶುರುವಾದ ಮೇಲೆ ತಂತಿ ಮುಟ್ಟಬಾರದು.