ಬಂಡೆಯ ಮರೆಯಲ್ಲಿ ಉಳಿದ ಚಿತ್ರಗಳು



ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆ ನೆಲೆಸಿರುವುದು ನಿಸರ್ಗನಿರ್ಮಿತ ಗುಹೆಯಲ್ಲಿ. ಮುಂದಿನ ಮಂಟಪವಷ್ಟೇ ಮನುಷ್ಯರು ಕಟ್ಟಿದ್ದು. ದೇವರಿಗೂ ಮೊದಲು ಇಂತಹ ಬಂಡೆಯ ಮರೆಗಳನ್ನು ಆಶ್ರಯಿಸಿದವನು ಮಳೆಗೆ, ಮೃಗಕ್ಕೆ ಅಂಜಿದ ಆದಿಮಾನವ. ಬಯಲುಸೀಮೆಯ ಅನೇಕ ಕಲ್ಲಾಸರೆಗಳ ಗೋಡೆಯ ಮೇಲೆ ಅವನು ಬರೆದ ಚಿತ್ರಗಳು ಇಂದಿಗೂ ಇವೆ.

ಮಲೆನಾಡಿನಲ್ಲಿ ಅಂತಹವು ವಿರಳ. ಇಲ್ಲಿನ ಜಂಬಿಟ್ಟಿಗೆ ಕಲ್ಲಿನ ಮೈಯೆಲ್ಲ ತೂತು; ಬಣ್ಣ ಹಿಡಿದುಕೊಳ್ಳಲು ನಯವಾದ ಗೋಡೆ ಸಿಗುವುದಿಲ್ಲ. ಸಿಕ್ಕಲ್ಲಿಯೂ ತಿಂಗಳುಗಟ್ಟಲೆ ಸುರಿವ ಮಳೆ, ಪಾಚಿ, ಕಲ್ಲುಹೂವು ಅದನ್ನು ಬಿಡುವುದಿಲ್ಲ. ಆದ್ದರಿಂದ ಚಿತ್ರ ನೋಡಬೇಕೆನ್ನುವ ಶಿಕಾರಿಪುರ, ಸೊರಬದ ವಿದ್ಯಾರ್ಥಿಗಳು ಬಾದಾಮಿ ಬಳಿಯ ಸಿಡಿಲಫಡಿಗೆ, ಇಲ್ಲವೇ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿಗೆ ಹೋಗುವುದು ಲೇಸು.

ಸಿಡಿಲಫಡಿ ಮರಳುಗಲ್ಲಿನದು, ಸಿಡಿಲು ಬಡಿದು ಬಂಡೆ ತೂತಾಯಿತೆಂದು ಜನರ ನಂಬಿಕೆ, ಹೆಸರೂ ಅದರಿಂದಲೇ. ಕುರುಚಲು ಕಾಡಿನ ಕಾಲುದಾರಿಯಲ್ಲಿ ನಡೆದೇ ಅಲ್ಲಿಗೆ ಸೇರಬೇಕು. ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಕಬ್ಬಿಣ ಯುಗದ ಸುಮಾರು 400 ಶಿಲಾಸಮಾಧಿಗಳಿವೆ. ಅಲ್ಲಿನ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಮನುಷ್ಯರು, ಪ್ರಾಣಿಗಳು, ಬೇಟೆಯ ದೃಶ್ಯಗಳು. ಬಡಿದರೆ ಬಹುದೂರ ಕೇಳಿಸುವ ನಗಾರಿಯಾಕಾರದ ಕಲ್ಲೊಂದೂ ಉಂಟು. ಈ ನೆಲೆ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು.

ಆ ಕೆಂಪು, ಕಾವಿಮಣ್ಣಿನದು. ಅಂದರೆ ಕಬ್ಬಿಣದ ತುಕ್ಕಿನ ಬಂಧು. ಸೊಪ್ಪಿನ ರಸದಂತೆ ಅದು ಬಿಸಿಲಿಗೆ ಮಾಸುವುದಿಲ್ಲ. ಆದರೆ ಅದರಲ್ಲಿ ಇಂಗಾಲವಿಲ್ಲದ ಕಾರಣ ರೇಡಿಯೋ ಕಾರ್ಬನ್ ವಿಧಾನದಿಂದ ನೇರವಾಗಿ ವಯಸ್ಸು ಹೇಳಲಾಗದು. ಯಾವ ಚಿತ್ರದ ಮೇಲೆ ಯಾವುದು ಬಂದಿದೆ, ಕೈಯಲ್ಲಿ ಬಿಲ್ಲೋ ಲೋಹದ ಕತ್ತಿಯೋ, ಕೆಳಗಿನ ಮಣ್ಣಿನಲ್ಲಿ ಎಂತಹ ಕಲ್ಲಿನ ಚೂರುಗಳಿವೆ ಎಂಬುದನ್ನು ನೋಡಿಯೇ ವಿದ್ವಾಂಸರು ಕಾಲವನ್ನು ಊಹಿಸಬೇಕು. ಹಾಗಾಗಿ, ಬಿದ್ದಿರುವ ಚೂರೊಂದನ್ನು ನೆನಪಿಗೆಂದು ಜೇಬಿಗೆ ಹಾಕಿಕೊಂಡವನು ಚಿತ್ರದ ವಯಸ್ಸನ್ನೇ ಕದ್ದಂತೆ.

ಸಾವಿರಾರು ವರ್ಷ ಉಳಿದದ್ದು ಒಂದು ಮಧ್ಯಾಹ್ನದಲ್ಲಿ ಹಾಳಾಗಬಲ್ಲದು. ಫೋಟೋದಲ್ಲಿ ಬಣ್ಣ ಎದ್ದು ಕಾಣಲೆಂದು ನೀರು ಚಿಮುಕಿಸುತ್ತಾರೆ. ನೀರು ಆರಿದ ಮೇಲೆ ಲವಣ ಬಿಳಿಯಾಗಿ ಮೇಲೆದ್ದು ಬಣ್ಣವನ್ನು ಹಕ್ಕಳೆಯಾಗಿ ಎಬ್ಬಿಸುತ್ತದೆ. ಬಂಡೆಯ ಕೆಳಗೆ ಒಲೆ ಹೂಡಿ ಅಡುಗೆ ಮಾಡಿದರೆ ಮಸಿ ಕೂರುತ್ತದೆ. ಪ್ರೇಮಿಗಳ ಹೆಸರುಗಳ ಮಾತು ಬೇರೆ ಬೇಡ. ಕಲ್ಲುಗಣಿಯಂತೂ ಬಂಡೆಯನ್ನೇ ಉಳಿಸುವುದಿಲ್ಲ.

ದೂರದ ಚಿತ್ರ ನೋಡಿ ಬಂದ ಕಣ್ಣು ಹತ್ತಿರದ ಕಲ್ಲನ್ನೂ ನೋಡಲಿ. ಹೊಸನಗರ ತಾಲ್ಲೂಕಿನ ನಿಲಸ್ಕಲ್ಲಿನಲ್ಲಿ ಪ್ರಾಚೀನರು ನೆಟ್ಟ ನಿಲುವುಗಲ್ಲುಗಳಿವೆ. ಅವುಗಳಲ್ಲಿ ಕೆಲವು ಜೋಡಿಗಳು ಉತ್ತರಾಯಣ, ದಕ್ಷಿಣಾಯನಗಳ ಸೂರ್ಯನ ದಿಕ್ಕಿಗೆ ಹೊಂದುತ್ತವೆಂದು ಸಂಶೋಧಕರು ಹೇಳಿದ್ದಾರೆ. ಸೊರಬ, ಶಿಕಾರಿಪುರದ ಹಳ್ಳಿಗಳಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳಿಗೆ ಬರವಿಲ್ಲ. ಇವುಗಳ ಬುಡವನ್ನು ನಿಧಿಯಾಸೆಗೆ ಅಗೆಯುವವರು ಮಲೆನಾಡಿಗೆ ಹೊಸಬರಲ್ಲ. ನಿಜವಾಗಿ ನಿಧಿ ದೊರೆತರೂ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆಯೇ ವಿಧಿಸಿದೆ.

ಕಾನಿನಲ್ಲಿ, ಗುಡ್ಡದಲ್ಲಿ ಕಲ್ಲಾಸರೆಯೊಂದು ಕಂಡರೆ ಮುಟ್ಟದೆ ಒಂದು ಫೋಟೋ ತೆಗೆಯಿರಿ. ಊರು, ಸರ್ವೆ ನಂಬರು, ಗೋಡೆ ಮುಖಮಾಡಿದ ದಿಕ್ಕು ಬರೆದುಕೊಳ್ಳಿ. ಊರಿನ ಹಿರಿಯರು ಆ ಬಂಡೆಯನ್ನು ಏನೆಂದು ಕರೆಯುತ್ತಾರೆಂಬುದನ್ನು ಮರೆಯದೆ ಕೇಳಿ. ಆ ಚೀಟಿಯನ್ನು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಲುಪಿಸಿ.