ಗೇಮ್‌ನಾಗ ದ್ವೀಪ, ಕಾರವಾರದ ಎದುರಿಗೂ ದ್ವೀಪ
ಚಿಂಚೋಳಿಯಿಂದ ಮಾತಾಡ್ತಿದ್ದೀನಿ. ಪೆಸಿಫಿಕ್ ಯುದ್ಧದ ಗೇಮ್‌ನಾಗ ದ್ವೀಪ ಹಿಡಿಯೋ ಮುಂಚೆ ಹಡಗು, ಇಂಧನ, ಸೈನಿಕರನ್ನ ಎಣಿಸ್ತೀವಿ. ಬಿಕಾಂ ಓದಿದ ನನಗ ಅದು ಬಜೆಟ್ ಇದ್ದಂಗ. ಸಮುದ್ರದ ಲೆಕ್ಕ ಬೇರೆ. 1943ರ ನವೆಂಬರ್‌ನಲ್ಲಿ ತರಾವಾದಾಗ ಉಬ್ಬರದ ನೀರು ಸಾಲದೆ ಅಮೆರಿಕದ ದೋಣಿಗಳು ಹವಳದ ದಿಬ್ಬಕ್ಕ ಸಿಕ್ಕಿಬಿದ್ದವು. ಸೈನಿಕರು ಗುಂಡಿನ ಮಳೆಯಾಗ ನೀರಲ್ಲೇ ನಡೆದರು.

ನಮ್ಮ ಕಾರವಾರದ ಹತ್ರಾನೂ ಒಂದು ಕಥೆ ಅದ. 1961ರ ಡಿಸೆಂಬರ್ 18, ಗೋವಾ ವಿಮೋಚನೆ. ಐಎನ್‌ಎಸ್ ಮೈಸೂರು, ತ್ರಿಶೂಲ್ ಹಡಗುಗಳು ಪೋರ್ಚುಗೀಸರ ಅಂಜದೀವ ದ್ವೀಪಕ್ಕ ಬಂದವು. ಮೊದಲ ತಂಡ ಸಲೀಸಾಗಿ ಇಳೀತು. ಎರಡನೇದರ ಮ್ಯಾಲ ಗುಂಡು ಬಿತ್ತು. ಆಮೇಲೆ ಹಡಗಿನ ಫಿರಂಗಿ ಸಿಡಿದವು. ಮರುದಿನ ದ್ವೀಪ ನಮ್ಮದಾಯ್ತು. ಆದ್ರ 7 ನಾವಿಕರು ತೀರಿಕೊಂಡಿದ್ದರು.

ಗೇಮ್‌ನಾಗ ಸೇವ್ ಫೈಲ್ ಅದ, ಅವರಿಗೆ ಇರಲಿಲ್ಲ. ಮೊದಲ ತಂಡ ಸುಮ್ನೆ ಇಳೀತಂದ್ರ ದ್ವೀಪ ಖಾಲಿ ಅಂತಲ್ರಿ. ಎರಡನೇ ತಂಡ ಕಳಿಸೋ ಮುಂಚೆ ಇದನ್ನ ನೆನಪಿಡ್ರಿ.